ನಮ್ಮ ಸೀಮೆಯ ಲಾವಣಿಕಾರರು

ಹತ್ತನೆಯ ತರಗತಿಯ ಕನ್ನಡ ಪಠ್ಯಪುಸ್ತಕದಲ್ಲಿ 'ಹಲಗಲಿ ಬೇಡರು' ಎಂಬ ಲಾವಣಿಯನ್ನು ಓದಿದವರು ನಮ್ಮ ಕಾಲೇಜಿನಲ್ಲಿ ಅನೇಕರಿದ್ದಾರೆ. ಉಳಿದ ಪದ್ಯಗಳ ಕವಿಪರಿಚಯಕ್ಕೆ ಹುಟ್ಟಿದ ಊರು, ಹುಟ್ಟಿದ ವರ್ಷ, ಬರೆದ ಕೃತಿಗಳು, ಪಡೆದ ಪ್ರಶಸ್ತಿಗಳು ಎಂದು ಎಂಟು ಹತ್ತು ಸಾಲು ಬಾಯಿಪಾಠ ಮಾಡಬೇಕಾಗುತ್ತಿತ್ತು. ಈ ಪದ್ಯದ ಕವಿ ಯಾರೆಂದರೆ 'ಜನಪದ ಕವಿ' ಎಂದು ಬರೆದರೆ ಸಾಕಾಗಿತ್ತು. ಓದುವ ಹೊರೆ ಅಷ್ಟರಮಟ್ಟಿಗೆ ಕಡಿಮೆಯಾಯಿತಲ್ಲ ಎಂದು ಅಂದು ನಾನು ಹಿಗ್ಗಿದ್ದೆ. ಆ ಹಿಗ್ಗು ನಾಚಿಕೆಯಾಗಿ ಮಾರ್ಪಡಲು ನಾಲ್ಕೈದು ವರ್ಷಗಳೇ ಬೇಕಾದವು. ಅದು ಹೇಗೆಂಬುದನ್ನೂ, ನಮ್ಮ ಸೀಮೆಯ ಹಾಡುಗಾರರು ರಾಜಕಾರಣದಲ್ಲಿ ಮಾಡಿದ ಕೆಲಸವೇನೆಂಬುದನ್ನೂ ನನ್ನ ಅಲ್ಪಮತಿಗೆ ತಿಳಿದಷ್ಟು ಇಲ್ಲಿ ಅರಿಕೆ ಮಾಡಿಕೊಳ್ಳುತ್ತೇನೆ.

ನನ್ನ ಊರು ಡಂಬಳ. ಗದಗಿನಿಂದ ಸುಮಾರು 20 ಕಿಲೋಮೀಟರು ದೂರದಲ್ಲಿ, ಕಪ್ಪತಗುಡ್ಡದ ಸೆರಗಿನಲ್ಲಿ, ದೊಡ್ಡದೊಂದು ಕೆರೆಯ ಬದಿಯಲ್ಲಿರುವ ಊರು. ಇಂದು ಅದು ಮುಂಡರಗಿ ತಾಲೂಕಿನ ಒಂದು ಹಳ್ಳಿ. ಹಿಂದೆ ಅದು ಧರ್ಮವೊಳಲ್ ಎಂಬ ಹೆಸರಿನ ವ್ಯಾಪಾರದ ಪಟ್ಟಣವಾಗಿತ್ತು. ನಕ್ಷತ್ರದಂತೆ 24 ಮೂಲೆಗಳ ತಳವಿನ್ಯಾಸವುಳ್ಳ ದೊಡ್ಡಬಸಪ್ಪನ ಗುಡಿಯನ್ನು ನೋಡಲು ದೂರದೂರದಿಂದ ಜನ ಬರುವುದುಂಟು. ಆರನೆಯ ವಿಕ್ರಮಾದಿತ್ಯನ ಕಾಲಕ್ಕೆ ಸೇರಿದ, ಕ್ರಿ.ಶ. 1095ರ ಒಂದು ಶಾಸನವೂ ನಮ್ಮೂರಿನದು. ಹದಿನಾರು ಸೆಟ್ಟಿಗಳು ಇಲ್ಲಿ ಬುದ್ಧನ ವಿಹಾರವನ್ನು ಕಟ್ಟಿಸಿದರೆಂದೂ, ಲೊಕ್ಕಿಗುಂಡಿಯ, ಅಂದರೆ ಇಂದಿನ ಲಕ್ಕುಂಡಿಯ, ಸಂಗವಯ್ಯ ಸೆಟ್ಟಿಯು ತಾರಾದೇವಿಯ ವಿಹಾರವನ್ನು ಕಟ್ಟಿಸಿದನೆಂದೂ ಅದು ಸಾರುತ್ತದೆ. ವಿಹಾರಗಳು ಹೋದವು; ಕಟ್ಟಿಸಿದವನ ಹೆಸರು ಕಲ್ಲಿನಲ್ಲಿ ಉಳಿಯಿತು. ಈ ಮಾತನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಬೇಡುತ್ತೇನೆ. ಮುಂದೆ ಮತ್ತೆ ಇದರ ಪ್ರಸ್ತಾಪ ಬರುವುದಿದೆ.

ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ತಂದೆ ಕಂಡವರ ಹೊಲದಲ್ಲಿ ದುಡಿದವರು. ಅಜ್ಜ ದುಡಿಮೆಯೊಂದಿಗೆ ಲಾವಣಿ ಹಾಡುತ್ತಿದ್ದವರು. ಮನೆಯ ಗೂಟಕ್ಕೆ ಅವರ ದಪ್ಪು ಸದಾ ತೂಗುತ್ತಿತ್ತು. ಜಾತ್ರೆ ಬಂತೆಂದರೆ ಅದನ್ನು ಬೆಂಕಿಗೆ ಹಿಡಿದು ಕಾಸಿ, ಬೆರಳಿನಿಂದ ತಟ್ಟಿ ನೋಡಿ, ಸಂಗಡಿಗರೊಡನೆ ಹೊರಡುತ್ತಿದ್ದರು. ನಾನು ಪಿ.ಯು.ಸಿ. ಓದುತ್ತಿದ್ದಾಗ ಒಮ್ಮೆ ಗೆಳೆಯರ ಜೊತೆಯಲ್ಲಿ ಜಾತ್ರೆಗೆ ಹೋಗಿದ್ದೆ. ಅಜ್ಜ ಒಂದು ಕಟ್ಟೆಯ ಮೇಲೆ ತಲೆಗೆ ಪಟಗ ಸುತ್ತಿ, ಕಿವಿಗೆ ಕೈಯಿಟ್ಟು ಹಾಡುತ್ತಿದ್ದರು. ಗೆಳೆಯನೊಬ್ಬ "ಯಾರೋ ಮುದುಕ ಭಾರಿ ಒದರಾಕ ಹತ್ಯಾನ" ಎಂದು ನಕ್ಕ. ನಾನೂ ನಕ್ಕೆ. 'ಅವರು ನಮ್ಮಜ್ಜ' ಎಂದು ಹೇಳಲು ನನ್ನ ನಾಲಗೆ ಏಳಲಿಲ್ಲ. ಗುಂಪಿನ ಮೇಲಿಂದ ಅಜ್ಜನ ಕಣ್ಣು ನನ್ನ ಮೇಲೆ ಬಿತ್ತು. ಅವರು ಹಾಡುವುದನ್ನು ನಿಲ್ಲಿಸಲಿಲ್ಲ. ಮನೆಗೆ ಬಂದ ಮೇಲೂ ಆ ಮಾತನ್ನು ಎತ್ತಲಿಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಬಿ.ಎ. ಎರಡನೆಯ ವರ್ಷದಲ್ಲಿ ಇತಿಹಾಸದ ತರಗತಿಯಲ್ಲಿ 1857ರ ದಂಗೆಯ ಪಾಠ ನಡೆದಿತ್ತು. ಮೀರತ್ತು, ದಿಲ್ಲಿ, ಕಾನ್ಪುರ, ಝಾನ್ಸಿ ಎಲ್ಲವೂ ಬಂದವು. ನಮ್ಮ ಭಾಗದ ಸಂಗತಿ ಒಂದು ಸಾಲಿನಲ್ಲಿ ಮುಗಿಯಿತು. ಅಂದು ಸಂಜೆ ಮನೆಯಲ್ಲಿ ಆ ಪುಸ್ತಕವನ್ನು ಗಟ್ಟಿಯಾಗಿ ಓದುತ್ತಿದ್ದಾಗ ಅಜ್ಜ ಕೇಳಿದರು: "ಅದರಾಗ ನಮ್ಮೂರ ಖಜಾನಿ ಸುದ್ದಿ ಇಲ್ಲೇನೋ ತಮ್ಮಾ?" ಯಾವ ಖಜಾನೆ ಎಂದೆ. "ಮುಂಡರಗಿ ಭೀಮರಾಯ ಬಂದು ಹೊಡದ ಖಜಾನಿ" ಎಂದರು. ಮೂರನೆಯ ತರಗತಿಯನ್ನೂ ದಾಟದ ಅಜ್ಜನಿಗೆ ತಿಳಿದದ್ದು ಇತಿಹಾಸವನ್ನೇ ಐಚ್ಛಿಕ ವಿಷಯವಾಗಿ ಓದುತ್ತಿದ್ದ ನನಗೆ ತಿಳಿದಿರಲಿಲ್ಲ. ಅಲ್ಲಿಂದ ನನ್ನ ಓದು ಮೊದಲಾಯಿತು.

ಸಂಗತಿಯನ್ನು ಮೊದಲಿನಿಂದ ಹೇಳುವುದು ಲೇಸು. ಕಂಪನಿ ಸರಕಾರವು 1852ರಲ್ಲಿ ಕಾಯಿದೆ ಮಾಡಿ ಇನಾಮು ಭೂಮಿಗಳ ಹಕ್ಕುಪತ್ರಗಳನ್ನು ತಪಾಸಣೆಗೆ ತೆಗೆದುಕೊಂಡಿತು. ತಲೆತಲಾಂತರದಿಂದ ಉಂಡು ಬಂದ ಭೂಮಿಗೆ ಕಾಗದ ತೋರಿಸಿರೆಂದರೆ ಎಷ್ಟು ಜನ ತೋರಿಸಿಯಾರು? ಮಕ್ಕಳಿಲ್ಲದ ಸಂಸ್ಥಾನಿಕರಿಗೆ ದತ್ತು ತೆಗೆದುಕೊಳ್ಳಲು ಅಪ್ಪಣೆ ಸಿಗದಾಯಿತು. 1857ರಲ್ಲಿ ನಿಶ್ಶಸ್ತ್ರೀಕರಣದ ಕಾಯಿದೆ ಬಂದಿತು. ಮನೆಯಲ್ಲಿದ್ದ ಆಯುಧಗಳನ್ನು ಸರಕಾರಕ್ಕೆ ಒಪ್ಪಿಸಬೇಕು, ಇಲ್ಲವೆ ದಾಖಲೆ ಮಾಡಿಸಿ ಅಪ್ಪಣೆ ಪಡೆಯಬೇಕು ಎಂಬುದು ಅದರ ಸಾರ. ಹೀಗೆ ಇನಾಮುದಾರನಿಗೆ ಭೂಮಿಯ ಚಿಂತೆ, ಸಂಸ್ಥಾನಿಕನಿಗೆ ಗಾದಿಯ ಚಿಂತೆ, ಬೇಟೆಯಾಡಿ ಬದುಕುವ ಬಡವನಿಗೆ ಕೈಯಲ್ಲಿಯ ಕತ್ತಿಯ ಚಿಂತೆ. ಮೂರು ಚಿಂತೆಗಳೂ ಒಂದೇ ಕಾಲಕ್ಕೆ ಕೂಡಿ ಬಂದವು.

ಮೊದಲು ಎದ್ದವರು ಮುಧೋಳ ಸಂಸ್ಥಾನದ ಹಲಗಲಿಯ ಬೇಡರು. ಆಯುಧಗಳನ್ನು ಕೊಡಲೊಲ್ಲೆವೆಂದು ಅವರು ನಿಂತದ್ದು 1857ರ ನವೆಂಬರಿನಲ್ಲಿ. ದಂಡು ಬಂದು ಊರನ್ನು ಮುತ್ತಿ ಬೆಂಕಿಯಿಟ್ಟಿತು. ಸೆರೆಸಿಕ್ಕವರಲ್ಲಿ 19 ಮಂದಿಯನ್ನು ಡಿಸೆಂಬರಿನಲ್ಲಿ ಗಲ್ಲಿಗೆ ಹಾಕಿದರು. ಆರು ತಿಂಗಳು ಕಳೆಯುವುದರೊಳಗೆ ಬೆಂಕಿ ನಮ್ಮ ಸೀಮೆಗೆ ಬಂತು. 1858ರ ಮೇ ತಿಂಗಳ ಕೊನೆಯ ವಾರದಲ್ಲಿ ಮುಂಡರಗಿಯ ನಾಡಗೀರ ಮನೆತನದ ಭೀಮರಾಯನು ಹಮ್ಮಿಗಿಯ ಕೆಂಚನಗೌಡನೊಡನೆ ಕೂಡಿ ಡಂಬಳದ ಸರಕಾರಿ ಖಜಾನೆಯ ಮೇಲೆ ಬಿದ್ದನು. ಅಲ್ಲಿಂದ ನಿಜಾಮರ ಸೀಮೆಗೆ ಸೇರಿದ್ದ ಕೊಪ್ಪಳದ ಕೋಟೆಯನ್ನು ಹೊಕ್ಕನು. ಅದೇ ಮೇ 29ರ ರಾತ್ರಿ ನರಗುಂದದ ಬಾಬಾಸಾಹೇಬನ ಕಡೆಯವರು ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟನಾಗಿದ್ದ ಮ್ಯಾನ್ಸನ್ ಸಾಹೇಬನನ್ನು ಕೊಂದರು. ಜೂನ್ ತಿಂಗಳ ಮೊದಲ ದಿನಗಳಲ್ಲಿಯೇ ಕೊಪ್ಪಳದ ಕೋಟೆಯೂ ನರಗುಂದದ ಕೋಟೆಯೂ ಬಿದ್ದವು. ಭೀಮರಾಯ ಕೊಪ್ಪಳದ ಕಾಳಗದಲ್ಲಿ ಮಡಿದನು. ಬಾಬಾಸಾಹೇಬನನ್ನು ಜೂನ್ 12ರಂದು ಬೆಳಗಾವಿಯಲ್ಲಿ ನೇಣು ಹಾಕಿದರು. ಎಲ್ಲವೂ ಹದಿನೈದು ಇಪ್ಪತ್ತು ದಿನಗಳ ಆಟ. ಮಳೆಗಾಲ ಹಿಡಿಯುವ ಹೊತ್ತಿಗೆ ನಾಡು ಮೌನವಾಗಿತ್ತು.

ಆದರೆ ಪೂರ್ತಿ ಮೌನವಾಗಿರಲಿಲ್ಲ. ಅಲ್ಲಿಯೇ ಲಾವಣಿಕಾರನ ಕೆಲಸ ಮೊದಲಾಯಿತು.

ಲಾವಣಿಯೆಂದರೇನು? ನಡೆದ ಸಂಗತಿಯನ್ನು ಕಥನ ಮಾಡುವ ಹಾಡು. ಒಬ್ಬ ಮುಖ್ಯ ಹಾಡುಗಾರ, ಹಿಂದೆ ದನಿಗೂಡಿಸುವವರು ಇಬ್ಬರು ಮೂವರು, ಜೊತೆಗೆ ದಪ್ಪು, ತಾಳ, ತುಂತುಣಿ. ಹಾಡಿಗೆ ಪಲ್ಲವಿಯುಂಟು, ನುಡಿಯುಂಟು, ಧಾಟಿಯನ್ನು ಮೇಲೆತ್ತುವ ಏರು ಉಂಟು. ಕಥೆಯನ್ನು ನುಡಿ ಸಾಗಿಸುತ್ತದೆ. ಕೇಳುವವರ ಮನಸ್ಸನ್ನು ಏರು ಕೆರಳಿಸುತ್ತದೆ. ಪಲ್ಲವಿ ಎಲ್ಲರನ್ನೂ ಒಟ್ಟಿಗೆ ಕಟ್ಟಿ ಹಾಕುತ್ತದೆ. ನಮ್ಮ ಕಡೆಯ ಮೇಳಗಳಲ್ಲಿ ಹರದೇಶಿ, ನಾಗೇಶಿ ಎಂದು ಎರಡು ಪಕ್ಷಗಳು. ಒಂದು ಪಕ್ಷದವರು ಗಂಡು ಹೆಚ್ಚೆಂದು ಹಾಡಿದರೆ ಇನ್ನೊಂದು ಪಕ್ಷದವರು ಹೆಣ್ಣು ಹೆಚ್ಚೆಂದು ಹಾಡುತ್ತಾರೆ. ಬೆಳಗಿನ ತನಕ ಸವಾಲು ಜವಾಬು ನಡೆಯುತ್ತದೆ. ಓದುಬರಹ ಬಾರದ ಜನ ತರ್ಕ ಮಾಡುವುದನ್ನು ಕಲಿತ ಪಾಠಶಾಲೆ ಇದು ಎಂದರೆ ಅತಿಶಯೋಕ್ತಿಯಾಗಲಾರದು. ಸೃಷ್ಟಿಯಲ್ಲಿ ಯಾರು ಹೆಚ್ಚು ಎಂದು ವಾದಿಸಬಲ್ಲವನು ಸರಕಾರ ಮಾಡಿದ್ದು ಸರಿಯೋ ತಪ್ಪೋ ಎಂದು ಯೋಚಿಸಲಾರನೆ?

ಹಾಡು ರಾಜಕೀಯದ ಆಯುಧವಾದದ್ದಕ್ಕೆ ಮೂರು ಕಾರಣಗಳು ನನಗೆ ತೋರುತ್ತವೆ. ಮೊದಲನೆಯದು, ಅದಕ್ಕೆ ಕಾಗದ ಬೇಡ. ಪ್ರಾಸವೂ ತಾಳವೂ ಸೇರಿ ನೂರು ಸಾಲುಗಳನ್ನು ನೆನಪಿನಲ್ಲಿ ಹಿಡಿದಿಡುತ್ತವೆ. ಪ್ರಾಸ ತಪ್ಪಿದರೆ ಸಾಲು ತಪ್ಪಿತೆಂದು ಹಾಡುವವನಿಗೇ ಗೊತ್ತಾಗುತ್ತದೆ. ಎರಡನೆಯದು, ಅದಕ್ಕೆ ಟಪಾಲು ಬೇಡ. ಸಂತೆಯಿಂದ ಸಂತೆಗೆ, ಜಾತ್ರೆಯಿಂದ ಜಾತ್ರೆಗೆ ಅದು ಎತ್ತಿನ ಬಂಡಿಯಲ್ಲಿಯೇ ಸಾಗುತ್ತದೆ. ಮೂರನೆಯದು, ಅದನ್ನು ಜಪ್ತಿ ಮಾಡುವುದು ಕಷ್ಟ. ಸರಕಾರವು ನಾಟಕಗಳನ್ನು ಹತೋಟಿಯಲ್ಲಿಡಲು 1876ರಲ್ಲಿ ಒಂದು ಕಾಯಿದೆ ಮಾಡಿತು, ದೇಶಭಾಷೆಯ ಪತ್ರಿಕೆಗಳ ಬಾಯಿ ಕಟ್ಟಲು 1878ರಲ್ಲಿ ಇನ್ನೊಂದನ್ನು ಮಾಡಿತು. ಮುದ್ರಣಾಲಯಕ್ಕೆ ಬೀಗ ಹಾಕಬಹುದು; ದನ ಕಾಯುವವನ ಗಂಟಲಿಗೆ ಬೀಗ ಹಾಕುವುದು ಯಾವ ದೊರೆಯಿಂದಲೂ ಆಗದು.

ಹಲಗಲಿಯ ಲಾವಣಿಯನ್ನು ಮತ್ತೊಮ್ಮೆ, ಈ ಸಲ ಅಂಕಗಳ ಆಸೆಯಿಲ್ಲದೆ, ಓದಿದೆ. ಎಂಥ ಹಾಡು ಅದು! ಮೇಲಿನಿಂದ ಬಂದ ಹುಕುಮು, ಅದನ್ನು ಕೇಳಿ ಊರಿನವರು ಕೂಡಿ ಮಾಡಿದ ಆಲೋಚನೆ, ಮುಂದಾಳುಗಳ ಹೆಸರುಗಳು, ದಂಡು ಬಂದ ಬಗೆ, ಗುಂಡಿನ ಮಳೆ, ಕೊನೆಗೆ ಊರು ಬೂದಿಯಾದದ್ದು ಎಲ್ಲವೂ ಒಂದರ ಹಿಂದೆ ಒಂದು ಬರುತ್ತವೆ. ಸೂರೆಯಲ್ಲಿ ಹೋದ ಸಾಮಾನುಗಳ ಪಟ್ಟಿಯನ್ನೂ ಕವಿ ಬಿಟ್ಟಿಲ್ಲ. ಬಡವರ ಮನೆಯ ಕೊಡಲಿ ಕುಡುಗೋಲುಗಳು ಕೂಡ ಅದರಲ್ಲಿವೆ. ಅರಮನೆಯ ಕವಿ ಮುತ್ತು ರತ್ನ ಹೋದವೆಂದು ಬರೆಯುತ್ತಿದ್ದನು. ಈ ಕವಿಗೆ ಕುಡುಗೋಲು ಹೋದರೆ ಸುಗ್ಗಿಗೆ ಏನು ಗತಿ ಎಂಬುದು ಗೊತ್ತಿತ್ತು. ಹಾಡಿದವನು ಆ ಜನರ ನಡುವಿನವನೇ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಆ ಹಾಡಿನ ಕೊನೆಯಲ್ಲಿ ಒಂದು ಅಂಕಿತವಿದೆ. ಕುರ್ತಕೋಟಿಯ ಕಲ್ಮೇಶನ ದಯೆಯಿಂದ ಇದನ್ನು ಬಣ್ಣಿಸಿದೆನೆಂದು ಕವಿ ಹೇಳಿಕೊಳ್ಳುತ್ತಾನೆ. ಕುರ್ತಕೋಟಿ ಎಲ್ಲಿಯದೋ ಊರಲ್ಲ, ನಮ್ಮ ಗದಗ ತಾಲೂಕಿನದೇ. ಕಲ್ಮೇಶ ಅಲ್ಲಿಯ ದೇವರು. ಅಂದರೆ ಹಲಗಲಿಯ ಜನರ ಸಾವನ್ನು ನಾಡಿಗೆಲ್ಲ ತಿಳಿಸಿದ ಕವಿ ನಮ್ಮ ನೆರೆಯವನು! ಅವನು ಊರಿನ ಹೆಸರನ್ನು ಹೇಳಿದ, ದೇವರ ಹೆಸರನ್ನು ಹೇಳಿದ, ಕಾದಿ ಸತ್ತವರ ಹೆಸರುಗಳನ್ನು ಹೇಳಿದ. ತನ್ನ ಹೆಸರನ್ನು ಮಾತ್ರ ಹೇಳಲಿಲ್ಲ. ವಚನಕಾರರಿಂದಲೂ ಹರಿದಾಸರಿಂದಲೂ ನಮ್ಮಲ್ಲಿ ಬಂದ ರೂಢಿಯೇ ಇದು ಎನ್ನಬಹುದು. ಆದರೆ ವಚನಕಾರರ ಹೆಸರುಗಳು ನಮಗೆ ತಿಳಿದಿವೆ, ದಾಸರ ಹೆಸರುಗಳೂ ತಿಳಿದಿವೆ. ಲಾವಣಿಕಾರನ ಹೆಸರು ಮಾತ್ರ ಪರೀಕ್ಷೆಯ ಉತ್ತರಪತ್ರಿಕೆಯಲ್ಲಿ 'ಜನಪದ ಕವಿ' ಎಂದಾಯಿತು.

ಈ ಹಾಡುಗಳನ್ನು ಮೊದಲಿಗೆ ಅಚ್ಚಿಗೆ ತಂದವರಲ್ಲಿ ಪ್ರಮುಖನು ಆಳುವವರ ಕಡೆಯವನೇ ಆದುದು ಚರಿತ್ರೆಯ ಒಂದು ವಿಚಿತ್ರ. ಜಾನ್ ಫೇಯ್ತಫುಲ್ ಫ್ಲೀಟ್ ಎಂಬಾತನು 1867ರಲ್ಲಿ ಮುಂಬಯಿ ಸರಕಾರದ ನೌಕರಿಗೆ ಸೇರಿ ಈ ಭಾಗದಲ್ಲಿ ಅಧಿಕಾರಿಯಾಗಿದ್ದನು. ಕನ್ನಡವನ್ನು ಚೆನ್ನಾಗಿ ಕಲಿತು ನೂರಾರು ಶಾಸನಗಳನ್ನು ಓದಿ ಪ್ರಕಟಿಸಿದನು. ನಮ್ಮ ಡಂಬಳದ ತಾರಾದೇವಿಯ ಶಾಸನವನ್ನು ಲೋಕಕ್ಕೆ ತಿಳಿಸಿದವನೂ ಅವನೇ. ಆತನೇ 1885ರಿಂದ ಮುಂದೆ 'ಇಂಡಿಯನ್ ಆಂಟಿಕ್ವೆರಿ' ಎಂಬ ಪತ್ರಿಕೆಯಲ್ಲಿ ಕನ್ನಡ ಲಾವಣಿಗಳನ್ನು ಇಂಗ್ಲಿಷ್ ಅನುವಾದದೊಂದಿಗೆ ಅಚ್ಚು ಹಾಕಿಸಿದನು. 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದ ಸಂಗೊಳ್ಳಿ ರಾಯಣ್ಣನ ಹಾಡು ಅವುಗಳಲ್ಲಿ ಒಂದು. 1860ರಲ್ಲಿ ಹೊಸದಾಗಿ ಹೇರಿದ ಇನ್‌ಕಮ್ ಟ್ಯಾಕ್ಸಿನ ಸಂಕಟವನ್ನು ಹೇಳುವ ಹಾಡು ಇನ್ನೊಂದು. ತೆರಿಗೆಯ ಮೇಲೂ ಲಾವಣಿ ಕಟ್ಟಿದ್ದರೆಂದರೆ ಅಂದಿನ ಹಾಡುಗಾರರು ಸರಕಾರದ ಮೇಲೆ ಎಷ್ಟು ಹದ್ದಿನ ಕಣ್ಣಿಟ್ಟಿದ್ದರೆಂದು ಊಹಿಸಬಹುದು. ತನ್ನ ಸರಕಾರವನ್ನೇ ಹಳಿಯುವ ಹಾಡುಗಳನ್ನು ಆ ಅಧಿಕಾರಿ ಅಕ್ಕರೆಯಿಂದ ಬರೆದುಕೊಂಡನಲ್ಲ! ವಿದ್ಯೆಯ ಮೇಲಿನ ಅವನ ಪ್ರೀತಿಗೆ ನಾವು ಋಣಿಗಳು. ಆದರೆ ಕಟ್ಟಿಸಿದ ಸೆಟ್ಟಿಯ ಹೆಸರು ಕಲ್ಲಿನಿಂದ ಅವನಿಗೆ ಸಿಕ್ಕಿತು. ಹಾಡು ಕಟ್ಟಿದವನ ಹೆಸರು ಸಿಗಲಿಲ್ಲ. ಕಲ್ಲು ಹಣವಿದ್ದವನ ಅಂಕಿತ, ಹಾಡು ಹಣವಿಲ್ಲದವನ ಅಂಕಿತ.

ಹಾಗೆಂದು ಲಾವಣಿ ಹೇಳಿದ್ದೆಲ್ಲ ಸತ್ಯವೆಂದು ನಂಬಬೇಕೆ? ಇತಿಹಾಸದ ವಿದ್ಯಾರ್ಥಿ ಹಾಗೆ ನಂಬಲಾಗದು. ಹಾಡು ತನ್ನವರನ್ನು ಹಿಗ್ಗಿಸಿ ಹೇಳುವುದುಂಟು. ಪ್ರಾಸಕ್ಕಾಗಿ ಸಂಖ್ಯೆಯನ್ನು ಹೆಚ್ಚು ಕಡಿಮೆ ಮಾಡುವುದುಂಟು. ಆದರೆ ಸರಕಾರಿ ಬರಹವೂ ಪಕ್ಷಪಾತವಿಲ್ಲದ್ದಲ್ಲ. 1884ರಲ್ಲಿ ಅಚ್ಚಾದ ಧಾರವಾಡ ಜಿಲ್ಲೆಯ ಗೆಜೆಟಿಯರಿನ ಕಣ್ಣಿಗೆ ಭೀಮರಾಯ ಬಂಡುಕೋರ. ನಮ್ಮೂರ ಹಿರಿಯರ ಬಾಯಲ್ಲಿ ಅವನು ಬಂಟ. ಗೆಜೆಟಿಯರು ತಾರೀಖನ್ನು ಸರಿಯಾಗಿ ಕೊಡುತ್ತದೆ, ಅಳುವನ್ನು ಕೊಡುವುದಿಲ್ಲ. ಹಾಡು ಅಳುವನ್ನು ಸರಿಯಾಗಿ ಕೊಡುತ್ತದೆ, ತಾರೀಖನ್ನು ಕೊಡುವುದಿಲ್ಲ. ಎರಡನ್ನೂ ಎದುರುಬದುರು ನಿಲ್ಲಿಸಿ ವಿಚಾರಿಸಿದಾಗಲೇ ನ್ಯಾಯ ತಿಳಿದೀತು. ನ್ಯಾಯಾಲಯದಲ್ಲಿ ಒಂದೇ ಕಡೆಯ ಸಾಕ್ಷಿಯನ್ನು ಕೇಳಿ ತೀರ್ಪು ಕೊಡುತ್ತಾರೆಯೆ?

ಹಾಡುಗಾರನ ಈ ಕಾಯಕ 1858ಕ್ಕೆ ನಿಲ್ಲಲಿಲ್ಲ. ಗಾಂಧೀಯುಗದಲ್ಲಿ ಅದಕ್ಕೆ ಹೊಸ ಜೀವ ಬಂದಿತು. ಈ ಮಾತಿಗೆ ನಮ್ಮ ಉತ್ತರ ಕರ್ನಾಟಕದಲ್ಲಿ ಹುಕ್ಕೇರಿ ಬಾಳಪ್ಪನವರಿಗಿಂತ ದೊಡ್ಡ ನಿದರ್ಶನ ಬೇಕಿಲ್ಲ. ಬಾಳಪ್ಪನವರು 1911ರಲ್ಲಿ ಬೆಳಗಾವಿ ಜಿಲ್ಲೆಯ ಮುರಗೋಡದಲ್ಲಿ ಹುಟ್ಟಿದರು. ಹೆಚ್ಚಿನ ಶಾಲೆಯ ಓದು ಅವರಿಗೆ ದಕ್ಕಲಿಲ್ಲ. ಭಜನೆ, ಬಯಲಾಟ, ಲಾವಣಿಗಳೇ ಅವರ ವಿದ್ಯಾಪೀಠ. ಸ್ವಾತಂತ್ರ್ಯದ ಹೋರಾಟಕ್ಕೆ ಧುಮುಕಿ, ತಮ್ಮ ಕಂಠವನ್ನೇ ಅದಕ್ಕೆ ಕಾಣಿಕೆಯಾಗಿ ಕೊಟ್ಟರು. ಧ್ವನಿವರ್ಧಕವಿಲ್ಲದ ಆ ಕಾಲದಲ್ಲಿ ಸಭೆ ಕೂಡಿಸುವುದೇ ಒಂದು ಸಾಹಸ. ಮುಂದಾಳು ಭಾಷಣಕ್ಕೆ ನಿಲ್ಲುವ ಮೊದಲು ಜನ ಬಂದು ಕೂಡಬೇಕು, ಕೂಡಿದವರು ಗದ್ದಲ ಬಿಡಬೇಕು, ಗದ್ದಲ ಬಿಟ್ಟವರ ಮನಸ್ಸು ಹದವಾಗಬೇಕು. ನೆಲವನ್ನು ಹದ ಮಾಡದೆ ಬೀಜ ಬಿತ್ತಿದರೆ ಫಲವೇನು? ಆ ಹದ ಮಾಡುವ ಕೆಲಸ ಹಾಡುಗಾರನದು. ಭಾಷಣವನ್ನು ಜನ ಸಭೆಯಲ್ಲಿಯೇ ಬಿಟ್ಟು ಹೋಗುತ್ತಾರೆ. ಹಾಡನ್ನು ಮನೆಗೆ ಒಯ್ಯುತ್ತಾರೆ.

ಬಾಳಪ್ಪನವರು ಮಾಡಿದ ಇನ್ನೊಂದು ಉಪಕಾರವನ್ನು ಮರೆಯಲಾಗದು. ಬೇಂದ್ರೆ, ಆನಂದಕಂದ ಮೊದಲಾದ ಕವಿಗಳ ಬರೆದ ಕವಿತೆಗಳಿಗೆ ಹಳ್ಳಿಯ ಧಾಟಿಯನ್ನು ಕೊಟ್ಟು, ಪುಸ್ತಕ ಮುಟ್ಟದ ಜನರ ಬಾಯಿಗೆ ಅವನ್ನು ತಲುಪಿಸಿದರು. ಓದಿದವರ ಕಾವ್ಯ ಒಂದು ಕಡೆ, ಓದದವರ ಹಾಡು ಇನ್ನೊಂದು ಕಡೆ ಎಂದು ಇದ್ದ ಕಂದಕಕ್ಕೆ ಅವರ ಕಂಠ ಸೇತುವೆಯಾಯಿತು. ಕನ್ನಡ ನಾಡು ಐದಾರು ಆಡಳಿತಗಳಲ್ಲಿ ಹರಿದು ಹಂಚಿಹೋಗಿದ್ದ ಆ ದಿನಗಳಲ್ಲಿ ಇದು ಬರಿಯ ರಂಜನೆಯಾಗಿರಲಿಲ್ಲ, ರಾಜಕಾರಣವೇ ಆಗಿತ್ತು. 1924ರ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ನಮ್ಮ ಗದಗಿನ ಹುಯಿಲಗೋಳ ನಾರಾಯಣರಾಯರ ನಾಡಗೀತೆಯನ್ನು ಹಾಡಿದಂದಿನಿಂದ 1956ರ ನವೆಂಬರ್ 1ರವರೆಗಿನ ಏಕೀಕರಣದ ದಾರಿಯಲ್ಲಿ ಹಾಡಿಲ್ಲದ ಮೈಲಿಗಲ್ಲು ಒಂದೂ ಇಲ್ಲ. 1950ರ ಜನವರಿಯಲ್ಲಿ ಧಾರವಾಡದ ಆಕಾಶವಾಣಿ ಕೇಂದ್ರ ಆರಂಭವಾದ ಮೇಲೆ ಹಳ್ಳಿಯ ಹಾಡುಗಾರರಿಗೆ ಗಾಳಿಯೇ ಜಾತ್ರೆಯ ಬಯಲಾಯಿತು. ಬಾಳಪ್ಪನವರ ಹಾಡು ರೇಡಿಯೋದಲ್ಲಿ ಬರುತ್ತಿದ್ದರೆ ಅಜ್ಜ ತಮ್ಮ ಹರೆಯದಲ್ಲಿ ಊರ ಚಾವಡಿಯ ಮುಂದೆ ನಿಂತು ಕೇಳುತ್ತಿದ್ದರಂತೆ. "ಅಂವ ಹಾಡಿದ್ರ ಎತ್ತು ಮೇವು ಬಿಟ್ಟು ಕಿವಿ ನಿಗರಸ್ತಿದ್ವು" ಎಂದು ಹೇಳುತ್ತಿದ್ದರು. 'ಸಾವಿರ ಹಾಡುಗಳ ಸರದಾರ' ಎಂದು ನಾಡು ಅವರನ್ನು ಕರೆಯಿತು. 1992ರಲ್ಲಿ ಅವರು ತೀರಿಕೊಂಡರು.

ಕುರ್ತಕೋಟಿಯ ಕವಿಯನ್ನೂ ಮುರಗೋಡದ ಬಾಳಪ್ಪನವರನ್ನೂ ಒಟ್ಟಿಗೆ ನೆನೆದಾಗ ಒಂದು ಅಂತರ ಕಾಣುತ್ತದೆ. ಮೊದಲನೆಯವನಿಗೆ ಹೆಸರಿಲ್ಲ, ಎರಡನೆಯವರಿಗೆ ಹೆಸರೂ ಬಿರುದೂ ಉಂಟು. ಇದು ಗಂಟಲಿನ ಅಂತರವಲ್ಲ, ಕಾಲದ ಅಂತರ. ಹೋರಾಟವು ಜನರದಾದಾಗ ಹಾಡುಗಾರನಿಗೂ ಹೆಸರು ಬಂದಿತು. ನಮ್ಮ ಕಾಲಕ್ಕೆ ಬಂದರೆ, 1970ರ ದಶಕದಿಂದ ಮುಂದೆ ದಲಿತ ಚಳವಳಿಯವರು ತಮಟೆಯನ್ನೇ ಹಿಡಿದು ಬೀದಿಗೆ ಬಂದರು. ಯಾವ ವಾದ್ಯವನ್ನು ಊರ ಹೊರಗಿಟ್ಟಿದ್ದರೋ ಅದೇ ವಾದ್ಯ ಊರ ನಡುವೆ ನಿಂತು ಪ್ರಶ್ನೆ ಕೇಳಿತು. 2021ರಲ್ಲಿ ನಮ್ಮನ್ನಗಲಿದ ಸಿದ್ಧಲಿಂಗಯ್ಯನವರ ಕವಿತೆಗಳನ್ನು ಪುಸ್ತಕದಲ್ಲಿ ಓದಿದವರಿಗಿಂತ ಮೆರವಣಿಗೆಯಲ್ಲಿ ಹಾಡಿದವರೇ ಹೆಚ್ಚು. ಅಂಕೋಲೆಯ ಹಾಲಕ್ಕಿ ಒಕ್ಕಲಿಗರ ಸುಕ್ರಿ ಬೊಮ್ಮಗೌಡರು ತಾಯಿಯಿಂದ ಕಲಿತ ಹಾಡುಗಳನ್ನು ಕಾಪಾಡಿದ್ದಲ್ಲದೆ, ಸಂಸಾರಗಳನ್ನು ನುಂಗುವ ಸಾರಾಯಿಯ ವಿರುದ್ಧ ಹೆಂಗಸರನ್ನು ಕೂಡಿಸಿ ನಿಂತರು. 2017ರಲ್ಲಿ ಅವರಿಗೆ ಪದ್ಮಶ್ರೀ ಬಂದಿತು. 2025ರಲ್ಲಿ ಅವರು ಕಣ್ಮುಚ್ಚಿದರು. ಅಕ್ಷರ ಬಾರದ ಆ ತಾಯಿಗೆ ಹಾಡೂ ಹೋರಾಟವೂ ಬೇರೆಬೇರೆಯಾಗಿರಲಿಲ್ಲ. ಬೀಸುವಾಗ, ಕುಟ್ಟುವಾಗ, ನಾಟಿ ಮಾಡುವಾಗ ಹಾಡಿದವರು ನ್ಯಾಯ ಕೇಳುವಾಗ ಮಾತ್ರ ಸುಮ್ಮನಿರುತ್ತಾರೆಯೆ?

ಇನ್ನು ನನ್ನ ಕಥೆಯ ಉಳಿದ ಭಾಗ. ಖಜಾನೆಯ ಸುದ್ದಿಯನ್ನು ಹೇಳಿದ ಅಜ್ಜನನ್ನು ಕೇಳಿದೆ: "ಅದರ ಲಾವಣಿ ನಿಮಗೆ ಬರ್ತದೇನು?" ಅಜ್ಜ ಬಹಳ ಹೊತ್ತು ಸುಮ್ಮನಿದ್ದು ಹೇಳಿದರು: "ನಮ್ಮ ಗುರುಗಳು ಹಾಡತಿದ್ರು. ನಾ ಆವಾಗ ಸಣ್ಣಾಂವ. ನಾಕು ನುಡಿ ಕಲತಿದ್ದೆ. ಕೇಳವ್ರು ಇಲ್ಲದ್ಕ ಹಾಡಲಿಲ್ಲ, ಹಾಡದ್ದಕ್ಕ ಮರತೆ." ರಾಯಣ್ಣನ ಹಾಡು ಅವರಿಗೆ ಬರುತ್ತಿತ್ತು, ಹಲಗಲಿಯದು ಅರ್ಧ ಬರುತ್ತಿತ್ತು. ನಮ್ಮೂರಿನ ಹಾಡೇ ನಮ್ಮ ಮನೆಯಲ್ಲಿ ಸತ್ತುಹೋಗಿತ್ತು. ಕೇಳುವವರು ಇಲ್ಲದ್ದಕ್ಕೆ ಎಂದರಲ್ಲ, ಆ ಮಾತು ನನಗೆ ನಾಟಿತು. ಕೇಳದವರಲ್ಲಿ ನಾನೂ ಒಬ್ಬ, ಜಾತ್ರೆಯಲ್ಲಿ ನಕ್ಕವನು.

ಮರುದಿನವೇ 200 ಪುಟಗಳ ಒಂದು ನೋಟುಪುಸ್ತಕವನ್ನು ತಂದೆ. ರಾತ್ರಿ ಊಟವಾದ ಮೇಲೆ ಅಜ್ಜ ಹಾಡುವುದು, ನಾನು ಬರೆಯುವುದು. ಆದರೆ ಆಗಲೇ ಅವರ ಗಂಟಲು ಕೆಟ್ಟಿತ್ತು. ಹಾಡುವಾಗ ತಾವೇ ಬರುವ ಸಾಲುಗಳು ಮಾತಿನಂತೆ ಹೇಳ ಹೋದರೆ ಬರುತ್ತಿರಲಿಲ್ಲ. ದಪ್ಪು ಕೈಗೆ ಕೊಟ್ಟರೆ ಮಾತ್ರ ಒಂದೊಂದಾಗಿ ಹೊರಬರುತ್ತಿದ್ದವು. ನೆನಪು ಕೈಯಲ್ಲಿಯೂ ಇರುತ್ತದೆಂಬುದನ್ನು ನಾನು ಅಂದು ಕಂಡೆ. ಪರೀಕ್ಷೆ ಬಂತೆಂದು ನಡುವೆ ಎರಡು ತಿಂಗಳು ಬರೆಯುವುದನ್ನು ಬಿಟ್ಟೆ. 'ರಜೆಯಲ್ಲಿ ಮುಗಿಸಿದರಾಯಿತು' ಎಂದುಕೊಂಡೆ. ಐದನೆಯ ಸೆಮಿಸ್ಟರಿನ ನಡುವೆ ಅಜ್ಜ ತೀರಿಕೊಂಡರು. ನೋಟುಪುಸ್ತಕದಲ್ಲಿ ತುಂಬಿದ್ದು 43 ಪುಟಗಳು. ಉಳಿದವು ಬಿಳಿಯಾಗಿಯೇ ಇವೆ. ನಾನು ಎಷ್ಟು ಓದಿದರೂ ಆ ಪುಟಗಳನ್ನು ತುಂಬಲಾರೆ.

ಒಂದು ದಿನ ಬರೆಯುತ್ತ ಕುಳಿತಾಗ "ನಿಮ್ಮ ಹೆಸರು ಹಾಕಿ ಕಾಲೇಜಿನ ಪತ್ರಿಕೆಯಲ್ಲಿ ಅಚ್ಚು ಮಾಡಸ್ತೀನಿ" ಎಂದಿದ್ದೆ. ಅಜ್ಜ ಕೈಯಾಡಿಸಿ ನಕ್ಕಿದ್ದರು: "ಹಾಡಿದಾಂವನ ಹೆಸರು ಯಾಕ ಬೇಕೋ? ಹಾಡು ಉಳದ್ರ ಸಾಕು." ಕುರ್ತಕೋಟಿಯ ಕವಿಯ ಮಾತೂ ಇದೇ ಇದ್ದಿರಬೇಕು. ಅವರ ಮಾತಿನಲ್ಲಿ ದೊಡ್ಡತನವಿದೆಯೆಂಬುದನ್ನು ಬಲ್ಲೆ. ಆದರೂ ಆ ಮಾತನ್ನು ಪೂರ್ತಿಯಾಗಿ ಒಪ್ಪಲು ನನ್ನಿಂದಾಗುವುದಿಲ್ಲ. ಹೆಸರು ಬೇಡವೆನ್ನುವ ದೊಡ್ಡತನ ಹಾಡುವವನದಾಗಿರಲಿ. ಹೆಸರನ್ನು ಮರೆಯುವ ಸಣ್ಣತನ ಕೇಳುವವರದಾಗಬಾರದು. ಈ ಲೇಖನದಲ್ಲಿ ಅಜ್ಜನ ಇಚ್ಛೆಯಂತೆ ಅವರ ಹೆಸರನ್ನು ಬರೆದಿಲ್ಲ. ಆದರೆ ನೋಟುಪುಸ್ತಕದ ಮೊದಲನೆಯ ಪುಟದಲ್ಲಿ ಹಾಡಿದವರ ಹೆಸರು, ಅವರ ಗುರುಗಳ ಹೆಸರು, ಊರು, ಬರೆದ ದಿನ ಎಲ್ಲವನ್ನೂ ಬರೆದಿಟ್ಟಿದ್ದೇನೆ. ಮುಂದೆ ಯಾರಾದರೂ ಅದನ್ನು ತೆರೆದರೆ 'ಜನಪದ ಕವಿ' ಎಂದಷ್ಟೇ ಬರೆದು ಮುಗಿಸಲಾರರು.

ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಬಿ.ಎಸ್. ಗದ್ದಗಿಮಠರು 1950ರ ದಶಕದಲ್ಲಿಯೇ ಹಳ್ಳಿಹಳ್ಳಿ ತಿರುಗಿ ಸಂಗ್ರಹಿಸಿದ ಹಾಡುಗಳ ಮೇಲೆ ಪ್ರಬಂಧ ಬರೆದು ಡಾಕ್ಟರೇಟ್ ಪದವಿ ಪಡೆದರು. ಅಂಥ ದೊಡ್ಡ ಕೆಲಸ ನಮ್ಮೆಲ್ಲರಿಂದ ಆಗಲಿಕ್ಕಿಲ್ಲ. ಆದರೆ ನಮ್ಮ ಕಾಲೇಜಿಗೆ ಸುತ್ತಲಿನ ಹಳ್ಳಿಗಳಿಂದ ನೂರಾರು ವಿದ್ಯಾರ್ಥಿಗಳು ಬರುತ್ತೇವೆ. ನಮ್ಮಲ್ಲಿ ಅನೇಕರು ಮನೆಗೆ ಮೊದಲ ಪದವೀಧರರು. ನಮ್ಮ ಮನೆಗಳಲ್ಲಿ ಪುಸ್ತಕಗಳಿಲ್ಲ ಎಂದು ನಾವು ಕೀಳರಿಮೆ ಪಡುತ್ತೇವೆ. ಪುಸ್ತಕಗಳಿಲ್ಲ ನಿಜ, ಪುಸ್ತಕಕ್ಕೆ ಹೋಗಬೇಕಾದವರು ಇದ್ದಾರೆ. ಫ್ಲೀಟನಿಗೆ ಇರದಿದ್ದ ಅನುಕೂಲ ನಮಗಿದೆ. ಅವನು ಹುಡುಕಿಕೊಂಡು ಹೋದ ಹಾಡುಗಾರರು ನಮ್ಮ ಅಜ್ಜ ಅಜ್ಜಿಯರು. ಅವನ ಕೈಯಲ್ಲಿ ಲೇಖನಿಯಿತ್ತು. ನಮ್ಮ ಕಿಸೆಯಲ್ಲಿ ದನಿಯನ್ನೇ ಹಿಡಿದಿಡುವ ಮೊಬೈಲು ಇದೆ.

ಬರುವ ರಜೆಯಲ್ಲಿ ಊರಿಗೆ ಹೋದಾಗ ಒಬ್ಬೊಬ್ಬರು ಒಂದೊಂದು ಹಾಡನ್ನಾದರೂ ಬರೆದು ತಂದರೆ, ಅದರ ಕೆಳಗೆ ಹಾಡಿದವರ ಹೆಸರನ್ನು, ಅವರು ಬೇಡವೆಂದರೂ, ಬರೆದರೆ, ನಮ್ಮ ಗ್ರಂಥಾಲಯದ ಒಂದು ಕಪಾಟು ತುಂಬೀತು. ಪರೀಕ್ಷೆ ಮುಗಿಯಲಿ ಎಂದು ಮಾತ್ರ ಯಾರೂ ಕಾಯಬೇಡಿರಿ. ಪರೀಕ್ಷೆ ಮತ್ತೆ ಬರುತ್ತದೆ.

ಅಂತಿಮ ಬಿ.ಎ. ವಿದ್ಯಾರ್ಥಿ, ಡಂಬಳ